ಅಪ್‌ಡೇಟ್: ಸ್ಯಾಂಡ್‌ಪೇಪರ್ ಸುತ್ತಿದರೂ ಡ್ರ್ಯಾಗ್ (ಗಾಳಿಯ ಎಳೆತ) ಇಳಿಯದ್ದಕ್ಕೆ ಕಾರಣ ಸಿಕ್ತು

ಹಾಸನದ ನಮ್ಮ ಲ್ಯಾಬಿನ, ವಸ್ತುಗಳ ಮೇಲೆ ಗಾಳಿ ಹಾಯಿಸಿ ನೋಡೋ ವಿಂಡ್ ಟನಲ್‌ನಲ್ಲಿ 50 ಮಿ.ಮೀ. ವ್ಯಾಸದ ಸಿಲಿಂಡರಿಗೆ 120 ನಂಬರ್ ಸ್ಯಾಂಡ್‌ಪೇಪರ್ ಸುತ್ತಿದರೂ ಡ್ರ್ಯಾಗ್ ಗುಣಾಂಕ 1.2 ಬಿಟ್ಟು ಇಳಿಯುತ್ತಿಲ್ಲ ಅಂತ ಕೇಳಿದ್ದೆನಲ್ಲ, ಸರಿಹೋಯ್ತು.

ಇನ್ನೂ ಒರಟಾದ 40 ನಂಬರ್ ಹಾಕಿ ಅಂದವರಿಗೆ ಥ್ಯಾಂಕ್ಸ್. ಸೆಕೆಂಡಿಗೆ 30 ಮೀಟರ್ ವೇಗದಲ್ಲಿ 0.8ರ ಹತ್ತಿರ ಬಂತು. ಅದರ ಕಣ ಸುಮಾರು 0.4 ಮಿ.ಮೀ. ದಪ್ಪ ಇರೋದ್ರಿಂದ ಬೌಂಡರಿ ಲೇಯರ್ (ಮೈಗೆ ತಾಗಿ ಹರಿಯೋ ಗಾಳಿಯ ತೆಳು ಪದರ) ಬೇಗ ಟರ್ಬುಲೆಂಟ್ (ಸುಳಿಸುಳಿಯಾಗಿ ಕಲಕಿದಂತೆ) ಆಗುತ್ತೆ. ಗಾಳಿ ಮುಂಭಾಗದಿಂದ 80 ಡಿಗ್ರಿ ಸುಮಾರಿಗೇ ಬಿಟ್ಟುಹೋಗದೆ ಇನ್ನೂ ಹಿಂದಿನವರೆಗೆ ಅಂಟಿಕೊಂಡಿರುತ್ತೆ, ವೇಕ್ (ಹಿಂದೆ ಉಳಿಯೋ ಸುಳಿಗಾಳಿಯ ಜಾಗ) ಕಿರಿದಾಗುತ್ತೆ, ಅದಕ್ಕೇ ಡ್ರ್ಯಾಗ್ ಇಳಿಯುತ್ತೆ. ಸಿಲಿಂಡರಿನ ತುದಿಗಳಿಗೆ ತಟ್ಟೆ ಹಾಕೋ ಎಂಡ್ ಪ್ಲೇಟ್ ಸಲಹೆಯಿಂದ ಏನೂ ಬದಲಾಗಲಿಲ್ಲ.

ತಲೆಗೇ ಹೊಳೆಯದ ವಿಷಯ: ಹಾಸನ 900 ಮೀಟರಿಗಿಂತ ಎತ್ತರದಲ್ಲಿದೆ, ಗಾಳಿ ತೆಳು. 96,000 ಅಂದುಕೊಂಡಿದ್ದ ರೆನಾಲ್ಡ್ಸ್ ಸಂಖ್ಯೆ (ವೇಗ, ಗಾತ್ರ, ಗಾಳಿಯ ಸಾಂದ್ರತೆ ಮತ್ತು ಸ್ನಿಗ್ಧತೆಯಿಂದ ಬರೋ ಅಳತೆ) ಇಲ್ಲಿ ಸುಮಾರು 86,000 ಅಷ್ಟೇ! ಅದು ಕಡಿಮೆ ಇದ್ದಷ್ಟೂ ಆ ಪದರ ಟರ್ಬುಲೆಂಟ್ ಆಗೋಕೆ ಹೆಚ್ಚು ಒರಟು ಕಾಗದ ಬೇಕು. ಕಾಗದದ ಜಾಯಿಂಟ್ ಮಾತ್ರ ಹಿಂಬದಿಗೇ ಇರಲಿ, ಪಕ್ಕಕ್ಕೆ ಬಂದರೆ ವೇಕ್ ಓರೆಯಾಗುತ್ತೆ.