ಟಾರಿಗೊಂದು ಗಾಳಿ, ತೋಟಕ್ಕೊಂದು ಗಾಳಿ: ವ್ಯಾನಿಗೆ ಎಷ್ಟು ಹೊಡೆಸ್ತೀರಿ?

ಹಾನುಬಾಳು ಹೋಂಸ್ಟೇ
12 ಸೀಟಿನ ವ್ಯಾನ್, ಹಿಂದಿನ ಚಕ್ರದ ಡ್ರೈವ್, ಹಿಂದೆಯೂ ಒಂಟಿ ಟೈರ್. 195 ಆರ್15, 8 ಪಿಆರ್ (ಪದರದ ಬಲ), 106/104, ಟ್ಯೂಬ್‌ಲೆಸ್. ಸಕಲೇಶಪುರ ಸ್ಟೇಷನ್‌ನಿಂದ ಗೆಸ್ಟ್‌ಗಳನ್ನು ತರಬೇಕು: ಟಾರು ಇಪ್ಪತ್ತು ಚಿಲ್ಲರೆ ಕಿ.ಮೀ., ಆಮೇಲೆ 5 ಕಿ.ಮೀ. ತೋಟದ ದಾರಿ. ಅದರಲ್ಲಿ ಮೂರು ಕಿ.ಮೀ. ಸೋಲಿಂಗ್ (ದಪ್ಪ ಕಲ್ಲು ಹಾಸಿದ ದಾರಿ), ಉಳಿದದ್ದು ಕೆಂಪು ಮಣ್ಣಿನ ಏರು. ಎಷ್ಟು ಗಾಳಿ ಅಂತ ಬರೆದಿದ್ದ ಬಾಗಿಲ ಕಂಬದ ಸ್ಟಿಕ್ಕರ್ ಪೇಂಟ್ ಹೊಡೆಯುವಾಗ ಮುಚ್ಚಿಹೋಗಿದೆ. ಪಂಚರ್ ಅಂಗಡಿಯವರು ನಾಲ್ಕಕ್ಕೂ 60 ಪಿಎಸ್‌ಐ (ಗಾಳಿ ಒತ್ತಡದ ಅಳತೆ) ಹೊಡೆದು ಕಳಿಸಿದ್ದಾರೆ. ಟಾರಿಗೆ ಎಷ್ಟು, ತೋಟಕ್ಕೆ ಎಷ್ಟು, ದಿನಾ ಇಳಿಸಿ ಏರಿಸಲೇಬೇಕಾ? ಓಡಿಸಿದವರು ಹೇಳಿ.

ಅರಸೀಕೆರೆ ಟೈರ್
ಮೊದಲು ಆ 60 ಇಳಿಸಿ. ಸೈಡ್‌ವಾಲ್ ಮೇಲೆ 65 ಅಂತ ಇರೋದು ನೋಡಿ, ಅದಕ್ಕಿಂತ ಐದು ಕಮ್ಮಿ ಹೊಡೆದಿದ್ದಾರೆ, ಅಷ್ಟೇ. ಆ 65 (450 ಕಿಲೋಪಾಸ್ಕಲ್) ಟೈರು ತನ್ನ ಪೂರ್ತಿ ಭಾರ ಹೊರುವಾಗಿನ ಗಾಳಿ. 106 ಅಂದ್ರೆ ಒಂಟಿ ಚಕ್ರಕ್ಕೆ 950 ಕೆಜಿ, 104 ಅಂದ್ರೆ ಜೋಡಿ ಚಕ್ರದಲ್ಲಿ ಒಂದೊಂದಕ್ಕೆ 900. ನಿಮ್ಮ ಗಾಡಿ ಅಷ್ಟು ತೂಗಲ್ಲ.

ವೇ ಬ್ರಿಡ್ಜ್‌ಗೆ ಹೋಗಿ. ಮುಂದಿನ ಎರಡು ಚಕ್ರ ಮಾತ್ರ ತಟ್ಟೆ ಮೇಲೆ ನಿಲ್ಲಿಸಿ ಒಂದು ಚೀಟಿ, ಪೂರ್ತಿ ಗಾಡಿ ನಿಲ್ಲಿಸಿ ಇನ್ನೊಂದು. ಕಳೆದರೆ ಹಿಂದಿನ ಆಕ್ಸಲ್ ತೂಕ ಬಂತು. ಜನ, ಲಗೇಜು ತುಂಬಿಸಿ ಒಮ್ಮೆ, ಖಾಲಿ ಒಮ್ಮೆ. ಇದೇ ಟೈರಿನ 12 ಸೀಟಿನ ಗಾಡಿ ಇಲ್ಲಿ ತೂಗಿದ್ದು: ತುಂಬಿದಾಗ ಮುಂದೆ 1,200, ಹಿಂದೆ 1,600. ಖಾಲಿ ಇದ್ದಾಗ ಮುಂದೆ 1,040, ಹಿಂದೆ 1,000.

ಲೆಕ್ಕ ನೇರ. ಒಂದು ಚಕ್ರದ ಭಾರವನ್ನ 950ರಿಂದ ಭಾಗಿಸಿ 65ರಿಂದ ಗುಣಿಸಿ. ಹಿಂದೆ 800 ಕೆಜಿಗೆ 54.7, ಅಂದ್ರೆ 55. ಮುಂದೆ 600ಕ್ಕೆ 41, ಒಂದು ಸೇರಿಸಿ 42. ಟೈರ್ ಕಂಪನಿಗಳ ಕೋಷ್ಟಕಕ್ಕಿಂತ ಇದು ಸ್ವಲ್ಪ ಜಾಸ್ತಿಯೇ ಕೊಡುತ್ತೆ, ಕೊಡಲಿ. ಖಾಲಿ ಗಾಡಿಗೆ ಹಿಂದೆ 34 ಸಾಕು ಅಂತ ಲೆಕ್ಕ ಹೇಳುತ್ತೆ. ಆದ್ರೆ ಹೋಗ್ತಾ ಖಾಲಿ, ಬರ್ತಾ ಹನ್ನೆರಡು ಜನ ಇರೋ ಗಾಡಿಗೆ ತುಂಬಿದ ಲೆಕ್ಕವನ್ನೇ ಇಡಿ. ಖಾಲಿ ಇದ್ದಾಗ ಹಿಂದೆ ಕುಣಿಯುತ್ತೆ, ಕುಣಿಯಲಿ.

ಇಲ್ಲಿ 60-60ರಲ್ಲಿ ಓಡಿದ ಹಿಂದಿನ ಜೋಡಿ ನಡು ಸವೆದು 31,000 ಕಿ.ಮೀ.ಗೆ ಮುಗೀತು. ಅಂಚಿನಲ್ಲಿ ಇನ್ನೂ 4 ಮಿ.ಮೀ. ರಬ್ಬರ್ ಇತ್ತು. ಟೈರ್ ಎರಡಕ್ಕೆ 14,600, ನೆಕ್ (ಗಾಳಿ ತುಂಬುವ ವಾಲ್ವ್) 160, ಬ್ಯಾಲೆನ್ಸಿಂಗ್ 300. ಆ 4 ಮಿ.ಮೀ. ಗುಜರಿಗೆ.

ಕಳಸ ಓಮ್ನಿ
ತೂಕದ ಚೀಟಿ ತೋರಿಸಿದ್ರೆ ಮಣ್ಣು ದಾರಿ ಬಿಡ್ತದಾ ಮಾರಾಯ್ರೆ? 145 ಆರ್12 ಎಲ್‌ಟಿ, 6 ಪಿಆರ್. ಟಾರಲ್ಲಿ ಮುಂದೆ 26, ಹಿಂದೆ 34. ತೋಟದಲ್ಲಿ 20, 26. ಅದಕ್ಕಿಂತ ಕೆಳಗೆ ಹೋದರೆ ಏನಾಗ್ತದೆ ಅಂತ ಬಿಲ್ ಸಮೇತ ಹೇಳ್ತೇನೆ.

16ಕ್ಕೆ ಇಳಿಸಿ ತಿರುವಿನಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಬೀಡ್ (ಟೈರಿನ ಒಳ ಅಂಚು) ಡಿಸ್ಕಿನ (ಟೈರ್ ಕೂರುವ ಲೋಹದ ಚಕ್ರ) ಅಂಚಿನಿಂದ ಒಂದು ಕೂದಲೆಳೆಯಷ್ಟು ಸರೀತದೆ. ಗಾಳಿ ಪೂರ್ತಿ ಹೋಗುವುದಿಲ್ಲ, ಅದೇ ತೊಂದರೆ. ಆ ಸಂದಿಗೆ ಮಣ್ಣು ನುಗ್ಗಿ ಕೂತುಕೊಳ್ತದೆ. ಮರುದಿನ ಬೆಳಿಗ್ಗೆ 4 ಕಮ್ಮಿ, ಅದರ ಮರುದಿನ 8 ಕಮ್ಮಿ. ಪಂಚರ್ ಅಂತ ನೀರಲ್ಲಿ ಮುಳುಗಿಸಿದರೆ ಟ್ರೆಡ್‌ನಲ್ಲಿ ಗುಳ್ಳೆಯೇ ಇಲ್ಲ, ಡಿಸ್ಕಿನ ಸುತ್ತ ಸಾಸಿವೆಯಷ್ಟು ಗುಳ್ಳೆ. ಟೈರ್ ಬಿಚ್ಚಿ ವೈರ್ ಬ್ರಷ್ ಹಾಕಿ ತಿಕ್ಕಿಸಲಿಕ್ಕೆ 150, ಹೀಗೆ ಮೂರು ಸಲ. ಮೂರನೇ ಸಲ ಡಿಸ್ಕಿನ ತುಟಿಯೇ ಬಗ್ಗಿತ್ತು. ಡಿಸ್ಕ್ 1,400. ಒಟ್ಟು 1,850, ನಾಲ್ಕು ಪಿಎಸ್‌ಐ ದುರಾಸೆಗೆ.

ಆಲ್ದೂರು ಫೋರ್‌ವೀಲ್
ಎಲ್ಲಾ ಬರೀ ಹೆದರಿಸೋದೇ ಆಯ್ತು. 215/75 ಆರ್15, ಆಲ್ ಟೆರೇನ್, ತೋಟದೊಳಗೆ ನಾಲ್ಕಕ್ಕೂ 18. ಮೂರು ಮಳೆಗಾಲ ಆಯ್ತು, ಒಂದು ಬೀಡ್ ಬಿಟ್ಟಿಲ್ಲ. ಗಾಳಿ ಇಳಿಸಿದರೆ ಟೈರಿನ ಪಾದ (ನೆಲ ಮುಟ್ಟುವ ಭಾಗ) ಅಗಲಕ್ಕಿಂತ ಉದ್ದಕ್ಕೆ ಹೆಚ್ಚು ಬೆಳೆಯುತ್ತೆ, ಹಿಡಿತ ಬರೋದೇ ಅಲ್ಲಿ. 30 ಇಟ್ಕೊಂಡು ಏರಲ್ಲಿ ಚಕ್ರ ತಿರುಗಿಸ್ತಾ ದಾರಿ ಕೊರೆಯೋದು ವ್ಯಾನಿನವರೇ.

ಅರಸೀಕೆರೆ ಟೈರ್
ಗುರುಗಳೇ, ನಿಮ್ಮ ಜೀಪಲ್ಲಿ ಇಬ್ಬರು, ಇವರ ವ್ಯಾನಲ್ಲಿ ಹನ್ನೆರಡು. ಒಂದು ಚಕ್ರದ ಮೇಲೆ 800 ಕೆಜಿ ಇಟ್ಟು 18 ಅಂದ್ರೆ ಟೈರ್ ಅರ್ಧ ಕೂತಿರುತ್ತೆ. ಸೋಲಿಂಗ್ ಕಲ್ಲಿನ ಮೂಲೆ ಹತ್ತಿದ ಕ್ಷಣ ಸೈಡ್‌ವಾಲ್ ಕಲ್ಲಿಗೂ ಡಿಸ್ಕಿಗೂ ನಡುವೆ ಸಿಕ್ಕಿ ಎರಡು ಸೀಳು. ಸೈಡ್‌ವಾಲ್ ಸೀಳಿಗೆ ಸ್ಟ್ರಿಪ್, ಮಶ್ರೂಮ್ ಅಂತ ಯಾವ ಪಂಚರ್ ತೇಪೆಯೂ ಇಲ್ಲ, ಟೈರ್ ಎಸೆಯೋದೇ. ಗಾಳಿ ಇಳಿಸಿದಷ್ಟೂ ಸೈಡ್‌ವಾಲ್ ಹೊರಗೆ ಉಬ್ಬಿ ಕಲ್ಲಿಗೆ ತಾನಾಗೇ ಕೆನ್ನೆ ಕೊಡುತ್ತೆ.

ಹಾನುಬಾಳಿನವರೇ, ತೋಟಕ್ಕೆ ಕಾಲು ಭಾಗ ಇಳಿಸಿ: 42 ಇದ್ದದ್ದು 32, 55 ಇದ್ದದ್ದು 41. ಅದಕ್ಕಿಂತ ಕೆಳಗೆ ಬೇಡ. ಆ ಗಾಳಿಯಲ್ಲಿ ಸ್ಪೀಡ್ 30 ದಾಟಬಾರದು. ಮತ್ತೆ ಟಾರು ಹತ್ತುವ ಮುಂಚೆ ತುಂಬಲೇಬೇಕು. 41ರಲ್ಲಿ ಜನ ತುಂಬಿಕೊಂಡು ಶಿರಾಡಿ ಕಾಂಕ್ರೀಟಿನ ಮೇಲೆ 70ರಲ್ಲಿ ಹೋದರೆ ಸೈಡ್‌ವಾಲ್ ಮಡಚಿ ಮಡಚಿ ಕಾದು ಒಳಗಿನ ಪದರ ಬಿಡುತ್ತೆ. ಹೊರಗೆ ಏನೂ ಕಾಣಲ್ಲ, ವಾರ ಬಿಟ್ಟು ಉಬ್ಬು ಬರುತ್ತೆ.

ಆಲ್ದೂರು ಫೋರ್‌ವೀಲ್
ಟೈರ್ ಮಾರೋರು 18 ಅಂತ ಯಾಕೆ ಹೇಳ್ತಾರೆ. ಗಟ್ಟಿ ಗಾಳಿ ಹೊಡೆದಷ್ಟೂ ಬೇಗ ಸವೆತ, ಬೇಗ ವ್ಯಾಪಾರ.

ಅರಸೀಕೆರೆ ಟೈರ್
ಅದಕ್ಕೇ ಅಲ್ವಾ ಸ್ವಾಮಿ ಮೊದಲ ಸಾಲಲ್ಲೇ 60 ಇಳಿಸಿ ಅಂದಿದ್ದು. ಓದಿ ಮಾತಾಡಿ.

ಕೊಪ್ಪ ಮಿನಿಬಸ್
ಹಿಂದೆ ಜೋಡಿ ಟೈರ್ ಇರುವವರು ಈ ಇಳಿಸುವ ಆಟಕ್ಕೆ ಬರಲೇಬೇಡಿ. ಗಾಳಿ ಇಳಿದರೆ ಜೋಡಿಯ ಸೈಡ್‌ವಾಲ್‌ಗಳು ಒಂದಕ್ಕೊಂದು ಉಜ್ಜುತ್ತವೆ. ಅವುಗಳ ನಡುವೆ ಜಲ್ಲಿ ಸಿಕ್ಕಿಕೊಂಡರೆ ಎರಡೂ ಹೋದವು. ಒಳಗಿನ ಟೈರಿನ ನೆಕ್ ಕೈಗೆ ಸಿಗುವುದಿಲ್ಲ ಅಂತ ಅದನ್ನು ನೋಡುವವರೇ ಇಲ್ಲ. ಒಳಗೆ 35, ಹೊರಗೆ 55 ಇದ್ದರೆ ಹೊರಗಿನದೇ ಭಾರವೆಲ್ಲ ಹೊರುತ್ತದೆ, ಸಾಯುವುದೂ ಅದೇ. ಉದ್ದದ ನೆಕ್ ಪೈಪ್ ಹಾಕಿಸಿದರೆ ಎರಡನ್ನೂ ಅಳೆಯಬಹುದು. ಲೋಹದ್ದೇ ಹಾಕಿಸಿ, ರಬ್ಬರಿನದ್ದು ಅಲುಗಾಡಿ ಬುಡದಲ್ಲಿ ಸೀಳುತ್ತದೆ. ಎರಡು ಕಡೆಗೆ 900 ಆಯ್ತು. ಅದನ್ನು ಉಳಿಸಲು ಹೋಗಿ ಕಳೆದದ್ದು ಎರಡು ಟೈರ್.

ಕಳಸ ಓಮ್ನಿ
ಒಂಟಿ ಟೈರಿನವರ ಪ್ರಶ್ನೆಗೆ ಜೋಡಿ ಟೈರಿನ ಉತ್ತರ. ಇರಲಿ.

ಕೆಂಪು ಮಣ್ಣಿನ ಏರಿನ ವಿಷಯ ಯಾರೂ ಸರಿಯಾಗಿ ಹೇಳಲಿಲ್ಲ. ಮಣ್ಣಿನಲ್ಲಿ ಎರಡು ಜಾತಿ. ಮೇಲೆ ಬೆರಳುದ್ದ ಜಾರುವ ಕೆಸರು, ಅಡಿಯಲ್ಲಿ ಗಟ್ಟಿ ನೆಲ ಇದ್ದರೆ ಗಾಳಿ ಇಳಿಸಿ ಪ್ರಯೋಜನ ಇಲ್ಲ. ಟೈರ್ ಆ ಕೆಸರನ್ನು ಕತ್ತರಿಸಿ ಅಡಿಯ ನೆಲ ಮುಟ್ಟಬೇಕು, ಅದಕ್ಕೆ ಸಪೂರ ಟೈರ್, ಗಟ್ಟಿ ಗಾಳಿ. ಅಡಿಯವರೆಗೂ ಮೆತ್ತಗೆ ಹೂತುಹೋಗುವ ಮಣ್ಣಾದರೆ ಮಾತ್ರ ಇಳಿಸಬೇಕು. ಕೋಲು ಚುಚ್ಚಿ ನೋಡಿ, ಎರಡು ಇಂಚಿಗೆ ನಿಂತರೆ ಮೊದಲನೆಯದು. ಮತ್ತೆ ಉದ್ದಗೆರೆಯ ಟಾರು ಟೈರ್ ಇದ್ದರೆ ಗೆರೆಯೊಳಗೆ ಜೇಡಿ ತುಂಬಿ ಚಕ್ರ ಸೋಪಿನ ಬಿಲ್ಲೆ ಆಗ್ತದೆ. ಆಗ 20 ಇದ್ದರೇನು 50 ಇದ್ದರೇನು.

ಶೃಂಗೇರಿ ಸರಪಳಿ
ಅಲ್ಲಿಗೆ ಸರಪಳಿ ಹಾಕದೆ ಬೇರೆ ದಾರಿ ಇಲ್ಲ. ಮಲೆನಾಡಿನ ಜೀಪುಗಳೆಲ್ಲ ಆಷಾಢದಲ್ಲಿ ಹಾಕುವುದು ಅದನ್ನೇ. ಡ್ರೈವ್ ಇರುವ ಚಕ್ರಕ್ಕೆ ಹಾಕಬೇಕು, ಇವರಿಗೆ ಹಿಂದಿನದಕ್ಕೆ. ಸರಪಳಿ ತೊಡಿಸಿ ಕೊಕ್ಕೆ ಹಾಕಿ ಬಿಗಿ ಮಾಡಬೇಕು. ನೂರು ಮೀಟರ್ ಹೋಗಿ ಇಳಿದು ಇನ್ನೊಂದು ಕೊಂಡಿ ಬಿಗಿ ಮಾಡಬೇಕು. ಸಡಿಲ ಬಿಟ್ಟರೆ ತುದಿ ಬೀಸಿ ಬ್ರೇಕ್ ಪೈಪಿಗೆ ಹೊಡೆಯುತ್ತದೆ. ಪೈಪ್, ಆಯಿಲ್, ಕೂಲಿ ಸೇರಿ 2,300 ಆದ ಲೆಕ್ಕ ಇಲ್ಲಿದೆ. ಟಾರು ಬಂದ ಕೂಡಲೇ ತೆಗೆಯಿರಿ.

ಆಲ್ದೂರು ಫೋರ್‌ವೀಲ್
ಸರಪಳಿ ಹಾಕಿ ದಾರಿ ಉತ್ತವರೇ ನೀವು. ನಿಮ್ಮ ಹಿಂದೆ ಬರುವವರಿಗೆ ಗದ್ದೆ.

ಶೃಂಗೇರಿ ಸರಪಳಿ
ಹಿಂದೆ ಬರುವವರನ್ನು ಎಳೆದು ಹಾಕುವುದೂ ನಾವೇ, ಅದನ್ನೂ ಬರೆಯಿರಿ.

ಮಂಗಳೂರು ಟ್ರಿಪ್
ಎಲ್ಲರೂ ಎತ್ತರ ಮರೆತಿದ್ದೀರಿ. ಮಂಗಳೂರಲ್ಲಿ ತುಂಬಿದ ಗಾಳಿ ಮುಳ್ಳಯ್ಯನಗಿರಿಗೆ ಹೋದರೆ ಹಿಗ್ಗಿ ಟೈರ್ ಸಿಡಿಯುತ್ತೆ. ಅದಕ್ಕೇ ನೈಟ್ರೋಜನ್ ಹಾಕಿಸೋದು, ಅದು ಹಿಗ್ಗಲ್ಲ. ಚಕ್ರಕ್ಕೆ 50 ರೂಪಾಯಿ, ಅಷ್ಟೇ.

ಅರಸೀಕೆರೆ ಟೈರ್
ಇದೊಂದು ಬಾಕಿ ಇತ್ತು. ಮುಳ್ಳಯ್ಯನಗಿರಿ 1,930 ಮೀಟರ್. ಸಮುದ್ರದ ದಂಡೆಯಿಂದ ಅಲ್ಲಿಗೆ ಹೊರಗಿನ ವಾಯು ಒತ್ತಡ ಸುಮಾರು 3 ಪಿಎಸ್‌ಐ ಕಮ್ಮಿಯಾಗುತ್ತೆ, ಗೇಜಿನಲ್ಲಿ ಅಷ್ಟು ಜಾಸ್ತಿ ಕಾಣುತ್ತೆ. ಜೊತೆಗೆ ಮೇಲೆ ಹನ್ನೆರಡು ಡಿಗ್ರಿ ತಂಪು, ಅದು 35ರ ಟೈರಿನಲ್ಲಿ 2 ಪಿಎಸ್‌ಐ ಇಳಿಸುತ್ತೆ. ಉಳಿದದ್ದು ಒಂದು. ಹಾಸನದಿಂದ ಹೊರಟರೆ ಅರ್ಧವೂ ಇಲ್ಲ. ಒಂದು ಪಿಎಸ್‌ಐಗೆ ಸಿಡಿಯೋ ಟೈರ್ ಮಂಗಳೂರಲ್ಲೇ ಸಿಡೀಬೇಕಿತ್ತು.

ಮಾಮೂಲಿ ಗಾಳಿಯಲ್ಲೇ ನೂರಕ್ಕೆ 78 ನೈಟ್ರೋಜನ್. ಬಿಸಿಗೆ ಎರಡೂ ಒಂದೇ ಸಮ ಹಿಗ್ಗುತ್ತವೆ. ನೈಟ್ರೋಜನ್ ಯಂತ್ರದ ಗಾಳಿ ಒಣಗಿರುತ್ತೆ, ಸ್ವಲ್ಪ ನಿಧಾನ ಸೋರುತ್ತೆ, ಅಷ್ಟೇ ಲಾಭ. ದಿನಾ ಇಳಿಸಿ ಏರಿಸೋ ಗಾಡಿಗೆ ಅದನ್ನ ಹಾಕಿಸೋದು ದುಡ್ಡನ್ನ ಕಾಫಿ ಗಿಡಕ್ಕೆ ಊದಿದ ಹಾಗೆ.

ಮಂಗಳೂರು ಟ್ರಿಪ್
ಘಾಟಿ ಇಳಿದ ಮೇಲೆ 55 ಇದ್ದದ್ದು 63 ತೋರಿಸುತ್ತಲ್ಲ, ಅದು ಎಲ್ಲಿಂದ ಬಂತು?

ಅರಸೀಕೆರೆ ಟೈರ್
ಬ್ರೇಕಿನ ಬಿಸಿ ಡಿಸ್ಕಿಗೆ, ಡಿಸ್ಕಿಂದ ಟೈರಿಗೆ. ಇಳಿಸಬೇಡಿ, ಆರಿದ ಮೇಲೆ 55ಕ್ಕೇ ಬರುತ್ತೆ. ಘಾಟಿ ಇಲ್ಲದ ದಾರಿಯಲ್ಲಿ ಒಂದು ಗಂಟೆ ಓಡಿಸಿ ನೋಡಿ: ಈ ಜಾತಿ ಟೈರಿಗೆ ತಣ್ಣಗಿದ್ದದ್ದಕ್ಕಿಂತ 6ರವರೆಗೆ ಏರಿದರೆ ಸರಿ. ಅದಕ್ಕಿಂತ ಜಾಸ್ತಿ ಏರಿದರೆ ಬೆಳಿಗ್ಗೆ ಹೊಡೆಸಿದ್ದು ಕಮ್ಮಿ ಅಂತ ಅರ್ಥ. ಬಂಕಿಗೆ ಹತ್ತು ಕಿ.ಮೀ. ಓಡಿಸಿಕೊಂಡು ಹೋಗಿ ತುಂಬಿಸೋದಾದರೆ 4 ಸೇರಿಸಿ ತುಂಬಿಸಿ. ಬಂಕ್ ಮೀಟರ್ ನಂಬಬೇಡಿ. ಅದು 45 ಅಂದಾಗ ಕೈ ಗೇಜ್ 39 ಅಂದದ್ದೂ ಇದೆ.

ಬೇಲೂರು ಪಂಪ್
ತುಂಬೋದು ಹೇಗೆ ಅಂತ ಯಾರೂ ಹೇಳಲಿಲ್ಲ, ಜಗಳ ಮಾತ್ರ. ಬಿಲ್ ಇದು: ಸಿಗರೇಟ್ ಸಾಕೆಟ್ಟಿಗೆ ಚುಚ್ಚುವ ಪಂಪ್ 1,350, ಎರಡು ಸಿಲಿಂಡರಿನ ಪಂಪನ್ನ ಅದೇ ಸಾಕೆಟ್ಟಿಗೆ ಜೋಡಿಸಿ ಸುಟ್ಟ ಫ್ಯೂಸ್ ಮೂರಕ್ಕೆ 30, ಕರಗಿದ ಸಾಕೆಟ್ 220, ಎಲೆಕ್ಟ್ರಿಷಿಯನ್ 600, ಆ ಎರಡು ಸಿಲಿಂಡರಿನ ಪಂಪ್ 4,900, ಉದ್ದದ ಪೈಪ್ 650. ಒಟ್ಟು 7,750. ಆರಂಭದಲ್ಲೇ ಗೊತ್ತಿದ್ದರೆ 5,550ರಲ್ಲಿ ಮುಗೀತಿತ್ತು.

ಸಾಕೆಟ್ 15 ಆಂಪ್ ಫ್ಯೂಸಿನದ್ದು. ಎರಡು ಸಿಲಿಂಡರಿನದ್ದು 25–30 ಆಂಪ್ ಎಳೆಯುತ್ತೆ, ಬ್ಯಾಟರಿಗೇ ಕ್ಲಿಪ್ ಹಾಕಬೇಕು, ಎಂಜಿನ್ ಓಡ್ತಿರಬೇಕು. ವ್ಯಾನ್ ಐದು ಮೀಟರ್ ಉದ್ದ, ಡಬ್ಬದಲ್ಲಿ ಬರುವ ಪೈಪ್ ಹಿಂದಿನ ಬಲ ಚಕ್ರಕ್ಕೆ ಮೊಳ ಸಾಲದು. ಕೊಳ್ಳುವ ಮುಂಚೆ ಹಗ್ಗ ಹಿಡಿದು ಅಳೆಯಿರಿ. ಈ ಟೈರಿನೊಳಗೆ ಸುಮಾರು 45 ಲೀಟರ್ ಜಾಗ. 41ರಿಂದ 55ಕ್ಕೆ ಹೋಗಲು 43 ಲೀಟರ್ ಹೊರಗಿನ ಗಾಳಿ ಬೇಕು. ಡಬ್ಬದ ಮೇಲೆ ನಿಮಿಷಕ್ಕೆ 35 ಲೀಟರ್ ಅಂತ ಇದ್ದರೂ ಎದುರು ಒತ್ತಡ ಇದ್ದಾಗ ಅರ್ಧ ಅಂತ ಹಿಡಿಯಿರಿ. ನಾಲ್ಕಕ್ಕೂ ಸೇರಿ ಹತ್ತು ನಿಮಿಷ.

ಇಳಿಸುವಾಗ ನೆಕ್ಕಿನೊಳಗಿನ ಪಿನ್ ಬಿಚ್ಚಬೇಡಿ, ಒತ್ತಿ ಹಿಡಿಯಿರಿ ಸಾಕು. ಬಿಚ್ಚಿದರೆ ಅದು ಗಾಳಿಯ ಜೊತೆ ಹಾರಿ ಗಿಡದ ಬುಡದ ದರಗಿನೊಳಗೆ ಬೀಳುತ್ತೆ, ಟಾರ್ಚ್ ಹಿಡಿದರೂ ಸಿಗಲ್ಲ. ಮೊದಲ ಚಕ್ರವನ್ನ ಗೇಜ್ ಇಟ್ಟು ಇಳಿಸಿ, ಎಷ್ಟು ಎಣಿಕೆ ಆಯ್ತು ನೋಡಿ. ಜೊತೆಯದಕ್ಕೂ ಅಷ್ಟೇ ಎಣಿಸಿ, ಕೊನೆಗೆ ಒಮ್ಮೆ ಅಳೆಯಿರಿ. ಡ್ಯಾಶ್‌ಬೋರ್ಡಲ್ಲಿ ನಾಲ್ಕು ಸ್ಪೇರ್ ಪಿನ್ ಇರಲಿ.

ಹಾನುಬಾಳು ಹೋಂಸ್ಟೇ
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ತೂಗಿಸಿದೆ. ತುಂಬಿದಾಗ ಮುಂದೆ 1,180, ಹಿಂದೆ 1,540. ಲೆಕ್ಕದಲ್ಲಿ 40.4, 52.7. ಟಾರಿಗೆ 41–53, ಸೋಲಿಂಗ್‌ಗೆ 31–40 ಅಂತ ಬಾಗಿಲ ಒಳಗೆ ಪೇಂಟಲ್ಲಿ ಬರೆಸಿದ್ದೇನೆ. ತೋಟದ ಗೇಟಿನ ಹತ್ತಿರ ಕರೆಂಟ್ ಇದೆ, ಅಲ್ಲೇ ಒಂದು ಸಣ್ಣ ಕಂಪ್ರೆಸರ್ ಇಡೋಣ ಅಂತ. ಕೋಲು ಚುಚ್ಚಿ ನೋಡಿದೆ, ಒಂದೂವರೆ ಇಂಚಿಗೆ ನಿಂತಿತು. ಹಾಗಾದ್ರೆ ಏರಿಗೆ ಬರುವಾಗ ಮತ್ತೆ 53 ತುಂಬಬೇಕಾ?

ಕಳಸ ಓಮ್ನಿ
ಐದು ಕಿ.ಮೀ.ಯಲ್ಲಿ ಮೂರು ಸಲ ಪಂಪ್ ಹಿಡಿಯಬೇಡಿ ಮಾರಾಯ್ರೆ. 40ರಲ್ಲೇ ಬಿಡಿ, ಹಿಂದಿನ ಸೀಟು ಮೊದಲು ತುಂಬಿಸಿ. ಡ್ರೈವ್ ಚಕ್ರದ ಮೇಲೆ ಭಾರ ಬಿದ್ದರೆ ಅದೇ ಕಚ್ಚಿಕೊಳ್ತದೆ. ಏರು ಶುರುವಾಗುವ ಮೊದಲೇ ಎರಡನೇ ಗೇರ್, ನಡುವೆ ಆಕ್ಸಿಲರೇಟರ್ ಜೋರಾಗಿ ಒತ್ತಬೇಡಿ.

ಆಲ್ದೂರು ಫೋರ್‌ವೀಲ್
30 ಇಟ್ಟು ನೋಡಿ ಒಮ್ಮೆ.

ಅರಸೀಕೆರೆ ಟೈರ್
ಇಟ್ಟು ನೋಡಿ, ಸ್ಟೆಪ್ನಿಗೆ 53 ಇದೆಯಾ ಅಂತ ಮೊದಲು ನೋಡಿಕೊಂಡು.