ತಮ್ಮನ ಮದುವೆ ಮತ್ತು ಮುಟ್ಟು ಮುಂದೂಡುವ ಮಾತ್ರೆ: ಅನುಭವವಿದ್ದವರು ತಿಳಿಸಿ

ಪ್ರಶ್ನೆ

ಮುಂದಿನ ತಿಂಗಳು ನನ್ನ ತಮ್ಮನ ಮದುವೆ ಇದೆ. ಚಪ್ಪರದ ದಿನದಿಂದ ಬೀಗರೂಟದವರೆಗೆ ಎಲ್ಲ ಶಾಸ್ತ್ರಗಳಲ್ಲೂ ಅಕ್ಕನಾಗಿ ನಾನೇ ಮುಂದೆ ನಿಲ್ಲಬೇಕು. ಆದರೆ ಲೆಕ್ಕ ಹಾಕಿ ನೋಡಿದರೆ ಚಪ್ಪರದ ಹಿಂದಿನ ದಿನವೇ ಮುಟ್ಟಾಗುವ ಸಂಭವವಿದೆ. ಮೆಡಿಕಲ್ ಶಾಪಿನಿಂದ ಮಾತ್ರೆ ತರಿಸಿ ನುಂಗಿಬಿಡು ಎಂದು ಅಮ್ಮ ಹೇಳುತ್ತಿದ್ದಾರೆ; ಅದನ್ನು ನುಂಗಿದವರಿಗೆ ಮುಂದೆ ಗರ್ಭ ನಿಲ್ಲುವುದಿಲ್ಲ ಎಂದು ಅತ್ತೆ ಹೆದರಿಸುತ್ತಿದ್ದಾರೆ. ನನಗೆ ಮದುವೆಯಾಗಿ ಎರಡು ವರ್ಷವಾಗಿದ್ದು, ಮಗುವಿನ ನಿರೀಕ್ಷೆಯಲ್ಲಿದ್ದೇವೆ. ಆ ಮಾತ್ರೆ ದೇಹದಲ್ಲಿ ಏನು ಮಾಡುತ್ತದೆ, ತೆಗೆದುಕೊಂಡವರ ಅನುಭವವೇನು ಎಂಬುದನ್ನು ದಯವಿಟ್ಟು ತಿಳಿಸಿ.

ಉತ್ತರ: ನರ್ಸಿಂಗ್ ವಿದ್ಯಾರ್ಥಿಗಳಿಗೆ ಶರೀರಶಾಸ್ತ್ರ ಕಲಿಸುವವಳು

ತಂಗಿ, ಮುಟ್ಟು ಏಕೆ ಬರುತ್ತದೆ ಎಂಬುದು ತಿಳಿದರೆ ಆ ಮಾತ್ರೆಯ ಕೆಲಸವೂ ಅದರ ಮಿತಿಯೂ ತಾನಾಗಿಯೇ ತಿಳಿಯುತ್ತವೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಎಫ್‌ಎಸ್‌ಎಚ್ ಎಂಬ ಹಾರ್ಮೋನನ್ನು ಸ್ರವಿಸಿದಾಗ ಅಂಡಾಶಯದಲ್ಲಿ ಕೆಲವು ಅಂಡಗಳು ಬೆಳೆಯತೊಡಗಿ, ಅವುಗಳಲ್ಲಿ ಸಾಮಾನ್ಯವಾಗಿ ಒಂದು ಮಾತ್ರ ಪೂರ್ಣವಾಗಿ ಪಕ್ವವಾಗುತ್ತದೆ. ಆ ಅಂಡವನ್ನು ಸುತ್ತುವರಿದ ಜೀವಕೋಶಗಳು ಈಸ್ಟ್ರೊಜೆನ್ ತಯಾರಿಸುತ್ತವೆ. ಗರ್ಭಕೋಶದ ಒಳಪದರ ದಪ್ಪವಾಗುವುದು ಈ ಈಸ್ಟ್ರೊಜೆನ್‌ನಿಂದ. ಅದರ ಪ್ರಮಾಣ ಒಂದು ಮಟ್ಟವನ್ನು ದಾಟಿ ಎರಡು ದಿನದಷ್ಟು ಕಾಲ ಹಾಗೆಯೇ ನಿಂತಾಗ ಪಿಟ್ಯುಟರಿಯಿಂದ ಎಲ್‌ಎಚ್ ಎಂಬ ಇನ್ನೊಂದು ಹಾರ್ಮೋನು ಒಮ್ಮೆಲೇ ಉಕ್ಕುತ್ತದೆ, ಸುಮಾರು 36 ಗಂಟೆಗಳಲ್ಲಿ ಅಂಡ ಹೊರಬೀಳುತ್ತದೆ. ಅಂಡ ಬಿಟ್ಟುಹೋದ ಜಾಗದಲ್ಲಿ ಉಳಿದ ಜೀವಕೋಶಗಳು ಕಾರ್ಪಸ್ ಲೂಟಿಯಮ್ ಎಂಬ ತಾತ್ಕಾಲಿಕ ಗ್ರಂಥಿಯಾಗಿ ಮಾರ್ಪಟ್ಟು ಪ್ರೊಜೆಸ್ಟರಾನ್ ಸ್ರವಿಸತೊಡಗುತ್ತವೆ. ಗರ್ಭಕೋಶದ ಒಳಪದರ ಕಳಚದಂತೆ ಹಿಡಿದಿಡುವುದು ಈ ಪ್ರೊಜೆಸ್ಟರಾನ್.

ಆ ಗ್ರಂಥಿಯ ಆಯಸ್ಸು ಹೆಚ್ಚುಕಡಿಮೆ 14 ದಿನ. ಗರ್ಭ ನಿಲ್ಲದಿದ್ದರೆ ಅದು ಕುಗ್ಗುತ್ತದೆ, ಪ್ರೊಜೆಸ್ಟರಾನ್ ಇಳಿಯುತ್ತದೆ, ಒಳಪದರಕ್ಕೆ ರಕ್ತ ಒಯ್ಯುವ ಸುರುಳಿ ರಕ್ತನಾಳಗಳು ಸಂಕುಚಿಸುತ್ತವೆ, ಪದರ ಕಳಚಿ ಸ್ರಾವವಾಗುತ್ತದೆ. ಹಾಗಾಗಿ ಮುಟ್ಟಾಗುವುದಕ್ಕೆ ಪ್ರೊಜೆಸ್ಟರಾನ್ ಇಳಿಯುವುದೇ ಕಾರಣ. ನಿಮ್ಮ ತಾಯಿ ಹೇಳುತ್ತಿರುವ ಮಾತ್ರೆ ಬಹುಮಟ್ಟಿಗೆ ನಾರ್ಎಥಿಸ್ಟರಾನ್ ಇರಬೇಕು. ದೇಹದ ಪ್ರೊಜೆಸ್ಟರಾನ್ ಇಳಿಯುವ ಹೊತ್ತಿಗೆ ಇದು ಅದರ ಸ್ಥಾನದಲ್ಲಿ ನಿಂತು ಒಳಪದರವನ್ನು ಇನ್ನಷ್ಟು ದಿನ ಹಿಡಿದಿಡುತ್ತದೆ. ಮಾತ್ರೆ ನಿಲ್ಲಿಸಿದ ಎರಡು ಮೂರು ದಿನಗಳಲ್ಲಿ ಸ್ರಾವ ಬರುತ್ತದೆ. ಕೆಟ್ಟ ರಕ್ತ ಒಳಗೇ ನಿಂತುಬಿಡುತ್ತದೆ ಎಂಬ ಮಾತು ನಮ್ಮ ಕಡೆ ಬಹಳ ಕೇಳಿಬರುತ್ತದೆ. ಅದರಲ್ಲಿ ನಿಜವಿಲ್ಲ, ಏಕೆಂದರೆ ಪದರ ಕಳಚಿಯೇ ಇರುವುದಿಲ್ಲ.

ಸಹಜ ಪ್ರೊಜೆಸ್ಟರಾನನ್ನು ನುಂಗಿದರೆ ಅದರ ಬಹುಪಾಲು ಯಕೃತ್ತಿನಲ್ಲಿಯೇ ನಾಶವಾಗುತ್ತದೆ. ಬಾಯಿಯ ಮೂಲಕ ಕೊಟ್ಟರೂ ಕೆಲಸ ಮಾಡುವ ಈ ಕೃತಕ ರೂಪವನ್ನು 1951ರಲ್ಲಿ ಮೆಕ್ಸಿಕೊ ನಗರದ ಸಿಂಟೆಕ್ಸ್ ಕಂಪನಿಯ ಪ್ರಯೋಗಾಲಯದಲ್ಲಿ ಕಾರ್ಲ್ ಜೆರಾಸಿ ಮತ್ತು ಜಾರ್ಜ್ ರೋಸೆನ್‌ಕ್ರಾಂಜ್ ಅವರ ಜೊತೆಗಿದ್ದ ಲೂಯಿಸ್ ಮಿರಾಮಾಂಟೆಸ್ ಎಂಬ ಯುವ ರಸಾಯನಶಾಸ್ತ್ರಜ್ಞ ತಯಾರಿಸಿದರು. ಮುಂದೆ ಗರ್ಭನಿರೋಧಕ ಮಾತ್ರೆಗಳಲ್ಲಿಯೂ ಇದೇ ವಸ್ತು ಬಳಕೆಗೆ ಬಂದಿತು. ನಿಮ್ಮ ಅತ್ತೆಯವರ ಭಯಕ್ಕೆ ಅದೇ ಮೂಲವಿರಬಹುದು. ಆದರೆ ಕೆಲವು ದಿನ ಸೇವಿಸಿ ನಿಲ್ಲಿಸಿದ ಮಾತ್ರೆ ಬಂಜೆತನ ತರುವುದಿಲ್ಲ. ನಿಲ್ಲಿಸಿದ ಮೇಲೆ ಬರುವ ಸ್ರಾವದೊಂದಿಗೆ ಹೊಸ ಚಕ್ರ ಆರಂಭವಾಗುತ್ತದೆ. ಹಾಗೆಯೇ ಮುಟ್ಟು ಮುಂದೂಡಲು ಹೀಗೆ ತೆಗೆದುಕೊಂಡಾಗ ಇದು ಗರ್ಭನಿರೋಧಕವಾಗಿ ಕೆಲಸ ಮಾಡುತ್ತದೆ ಎಂದೂ ಭಾವಿಸಬಾರದು, ಏಕೆಂದರೆ ಇದನ್ನು ಆರಂಭಿಸುವ ಹೊತ್ತಿಗೆ ಅಂಡ ಬಿಡುಗಡೆಯಾಗಿ ಹಲವು ದಿನ ಕಳೆದಿರುತ್ತದೆ.

ವೈದ್ಯರು ಸಾಮಾನ್ಯವಾಗಿ 5 ಮಿಲಿಗ್ರಾಂ ಮಾತ್ರೆಯನ್ನು ದಿನಕ್ಕೆ ಮೂರು ಬಾರಿಯಂತೆ, ಮುಟ್ಟು ಬರಬೇಕಾದ ದಿನಕ್ಕೆ ಮೂರು ದಿನ ಮೊದಲೇ ಆರಂಭಿಸಲು ಹೇಳುತ್ತಾರೆ. ಸ್ರಾವ ಆರಂಭವಾದ ಮೇಲೆ ನುಂಗಿದರೆ ಅದನ್ನು ನಂಬುವಂತಿಲ್ಲ. ನಿಮ್ಮ ವಿಷಯದಲ್ಲಿ ಇನ್ನೂ ಒಂದು ಎಚ್ಚರಿಕೆ ಬೇಕು. ನೀವು ಮಗುವಿನ ನಿರೀಕ್ಷೆಯಲ್ಲಿದ್ದೀರಿ, ಗರ್ಭಿಣಿಯರು ಈ ಮಾತ್ರೆ ಸೇವಿಸಬಾರದು, ಮತ್ತು ಮುಟ್ಟಿಗೆ ಮೂರು ದಿನ ಮೊದಲು ಮಾಡಿದ ಮೂತ್ರ ಪರೀಕ್ಷೆಯಲ್ಲಿ ಗರ್ಭ ಕಾಣಿಸದೇ ಹೋಗಬಹುದು. ಆ ಕಾರಣಕ್ಕಾಗಿಯೇ ಮೆಡಿಕಲ್ ಶಾಪಿಗೆ ಹೋಗುವ ಮೊದಲು ಸ್ತ್ರೀರೋಗ ತಜ್ಞರನ್ನು ಕಾಣಿರಿ.

ಉತ್ತರ: ಎರಡು ಮಕ್ಕಳ ತಾಯಿ, ಹಾಸನ

ಮನೆಯ ಗೃಹಪ್ರವೇಶಕ್ಕೂ ನಾದಿನಿಯ ಮದುವೆಗೂ ವೈದ್ಯರ ಸಲಹೆಯಂತೆ ಈ ಮಾತ್ರೆ ತೆಗೆದುಕೊಂಡಿದ್ದೇನೆ. ಎದೆ ಭಾರವಾಗಿ ನೋವು, ಹೊಟ್ಟೆ ಉಬ್ಬರ, ಕಾರಣವಿಲ್ಲದ ಸಿಡುಕು ಇವು ಎರಡು ಸಲವೂ ಇದ್ದವು. ನಿಲ್ಲಿಸಿದ ಮೇಲೆ ಬಂದ ಸ್ರಾವ ಎಂದಿಗಿಂತ ಹೆಚ್ಚಾಗಿತ್ತು, ಆದ್ದರಿಂದ ಶಾಸ್ತ್ರಗಳು ಮುಗಿದ ಕೂಡಲೇ ದೂರದ ಪ್ರಯಾಣ ಇಟ್ಟುಕೊಳ್ಳದಿರುವುದು ಒಳ್ಳೆಯದು. ಮದುವೆಮನೆಯ ಗಡಿಬಿಡಿಯಲ್ಲಿ ಮಧ್ಯಾಹ್ನದ ಮಾತ್ರೆ ಮರೆತುಹೋಗುವುದು ಸುಲಭ, ಮರೆತರೆ ನಡುವೆಯೇ ಕಲೆ ಕಾಣಿಸಿಕೊಳ್ಳಬಹುದು. ಆ ನಾದಿನಿಯ ಮದುವೆಯ ನಂತರವೇ ನನಗೆ ಎರಡನೆಯ ಮಗುವಾಯಿತು ಎಂಬುದನ್ನು ನಿಮ್ಮ ಅತ್ತೆಯವರಿಗೆ ತಿಳಿಸಿ.

ಉತ್ತರ: ಅಕ್ಕನ ಪರವಾಗಿ ಬರೆಯುತ್ತಿರುವ ತಮ್ಮ

ನನ್ನ ಅಕ್ಕನಿಗೆ ಬಾಣಂತನದಲ್ಲಿ ಕಾಲಿನ ರಕ್ತನಾಳದೊಳಗೆ ರಕ್ತ ಹೆಪ್ಪುಗಟ್ಟಿತ್ತು. ವರ್ಷಗಳ ನಂತರ ಊರಿನ ಜಾತ್ರೆಯ ಸಮಯದಲ್ಲಿ ಹಿರಿಯರು ಇದೇ ಮಾತ್ರೆಯನ್ನು ಸೂಚಿಸಿದಾಗ, ಅದೃಷ್ಟವಶಾತ್ ಅವಳು ಮೊದಲು ವೈದ್ಯರನ್ನು ಕೇಳಿದಳು. ಅವರು ಸ್ಪಷ್ಟವಾಗಿ ಬೇಡವೆಂದರು. ನಾರ್ಎಥಿಸ್ಟರಾನ್‌ನ ಅಲ್ಪ ಭಾಗ ದೇಹದೊಳಗೆ ಒಂದು ಬಗೆಯ ಈಸ್ಟ್ರೊಜೆನ್ ಆಗಿ ಬದಲಾಗುತ್ತದೆ, ದೊಡ್ಡ ಪ್ರಮಾಣದಲ್ಲಿ ಸೇವಿಸಿದಾಗ ರಕ್ತ ಹೆಪ್ಪುಗಟ್ಟುವ ಅಪಾಯಕ್ಕೆ ಅದು ಸೇರಿಕೊಳ್ಳುತ್ತದೆ ಎಂದು ವಿವರಿಸಿದರು. ಯಕೃತ್ತಿನ ತೀವ್ರ ಕಾಯಿಲೆ ಇರುವವರು, ಸ್ತನ ಕ್ಯಾನ್ಸರ್ ಆದವರು, ಕಾರಣ ತಿಳಿಯದ ರಕ್ತಸ್ರಾವ ಇರುವವರು ಇದನ್ನು ಮುಟ್ಟಬಾರದು ಎಂದೂ ಹೇಳಿದರು. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪೈನ್ ಮತ್ತು ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ತೆಗೆದುಕೊಳ್ಳುತ್ತಿರುವವರಲ್ಲಿ ಇದರ ಪರಿಣಾಮ ತಗ್ಗುತ್ತದೆಯಂತೆ. ಅಂಗಡಿಯ ಕೌಂಟರಿನಲ್ಲಿ ನಿಂತವರು ಇವನ್ನೆಲ್ಲ ಕೇಳಿ ಮಾತ್ರೆ ಕೊಡುವುದನ್ನು ನಾನು ಕಂಡಿಲ್ಲ.

ಉತ್ತರ: ನಿವೃತ್ತ ಶಿಕ್ಷಕಿ, ಧಾರವಾಡ

ನಮ್ಮ ಮನೆಯಲ್ಲಿ ಈ ಪ್ರಶ್ನೆಯೇ ಏಳಲಿಲ್ಲ. ಶರಣರು ಪಂಚಸೂತಕಗಳನ್ನು ನಿರಾಕರಿಸಿದರು, ರಜಸ್ಸೂತಕ ಅವುಗಳಲ್ಲಿ ಒಂದು. ಅದನ್ನು ನಂಬಿ ನಡೆದ ನನ್ನ ತಾಯಿ ಮುಟ್ಟಿನ ದಿನಗಳಲ್ಲಿಯೂ ಲಿಂಗಪೂಜೆಯನ್ನು ಬಿಟ್ಟವರಲ್ಲ. ಎಲ್ಲ ಮನೆತನಗಳ ನಡೆ ಒಂದೇ ಅಲ್ಲ ಎಂಬುದನ್ನು ಬಲ್ಲೆ. ಆದರೂ ಮಗಳೇ, ಮಾತ್ರೆ ನುಂಗುವ ದೇಹ ನಿನ್ನದು. ಹೊಟ್ಟೆ ನೋವಿಗೆ ಹೆದರಿ ತೆಗೆದುಕೊಳ್ಳುತ್ತೀಯೋ, ಮೈಲಿಗೆಯ ಮಾತಿಗೆ ಅಂಜಿ ತೆಗೆದುಕೊಳ್ಳುತ್ತೀಯೋ ಎಂಬುದನ್ನು ನೀನೇ ವಿಚಾರ ಮಾಡು. ಮೈಲಿಗೆಯ ಮಾತಷ್ಟೇ ಕಾರಣವಾದರೆ ಅಮ್ಮನೊಂದಿಗೆ ಒಮ್ಮೆ ಕುಳಿತು ಮಾತನಾಡಿ ನೋಡು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಅಮ್ಮನೊಂದಿಗೆ ಮಾತನಾಡುತ್ತೇನೆ, ವೈದ್ಯರನ್ನೂ ಕಾಣುತ್ತೇನೆ. ಆದರೆ ನನ್ನ ಚಕ್ರ ಒಮ್ಮೆ 28 ದಿನಕ್ಕೆ, ಒಮ್ಮೆ 34 ದಿನಕ್ಕೆ ಬರುತ್ತದೆ. ಹೀಗಿರುವಾಗ ಮೂರು ದಿನ ಮೊದಲು ಎಂಬುದನ್ನು ಎಲ್ಲಿಂದ ಎಣಿಸಲಿ?

ಉತ್ತರ: ಶರೀರಶಾಸ್ತ್ರ ಕಲಿಸುವವಳು

ಚಕ್ರ ಹೀಗೆ ಹಿಗ್ಗುವುದೂ ಕುಗ್ಗುವುದೂ ಹೆಚ್ಚಾಗಿ ಅಂಡ ಪಕ್ವವಾಗುವ ಮೊದಲ ಭಾಗದಲ್ಲಿ. ಅಂಡ ಬಿಡುಗಡೆಯ ನಂತರದ ಭಾಗ ಒಬ್ಬ ಹೆಂಗಸಿನಲ್ಲಿ ತಿಂಗಳಿಂದ ತಿಂಗಳಿಗೆ ಅಷ್ಟಾಗಿ ಬದಲಾಗುವುದಿಲ್ಲ. ಆದ್ದರಿಂದ ಹಿಂದಿನ ಮುಟ್ಟಿನಿಂದ ಎಣಿಸುವುದಕ್ಕಿಂತ ಅಂಡ ಬಿಡುಗಡೆಯಾದ ದಿನದಿಂದ ಎಣಿಸುವುದು ಹೆಚ್ಚು ನಿಖರ. ಎಲ್‌ಎಚ್ ಉಕ್ಕುವುದನ್ನು ಮೂತ್ರದಲ್ಲಿ ತೋರಿಸುವ ಓವ್ಯುಲೇಷನ್ ಕಿಟ್‌ಗಳು ಮೆಡಿಕಲ್ ಶಾಪಿನಲ್ಲಿ ದೊರೆಯುತ್ತವೆ. ಜೊತೆಗೆ ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲು ಮೈಯ ಉಷ್ಣತೆಯನ್ನು ದಿನವೂ ಬರೆದಿಟ್ಟರೆ, ಪ್ರೊಜೆಸ್ಟರಾನ್‌ನಿಂದಾಗಿ ಅದು ಸುಮಾರು 0.3ರಿಂದ 0.5 ಡಿಗ್ರಿ ಸೆಲ್ಸಿಯಸ್ ಏರಿ ಅಲ್ಲಿಯೇ ನಿಲ್ಲುವುದು ಕಾಣುತ್ತದೆ. ಈ ಬರಹವನ್ನು ವೈದ್ಯರಿಗೆ ತೋರಿಸಿ. ಮಗುವಿನ ಪ್ರಯತ್ನಕ್ಕೂ ಅದು ನಿಮಗೆ ಉಪಯೋಗವಾಗುತ್ತದೆ. ಪಿಸಿಓಎಸ್ (ಹಾರ್ಮೋನುಗಳ ಏರುಪೇರಿನಿಂದ ಅಂಡ ಬಿಡುಗಡೆ ಕ್ರಮ ತಪ್ಪುವ ತೊಂದರೆ) ಇರುವವರಲ್ಲಿ ಎಲ್‌ಎಚ್ ಸದಾ ಹೆಚ್ಚಾಗಿರಬಹುದಾದ್ದರಿಂದ ಆ ಕಿಟ್ ತಪ್ಪು ಸೂಚನೆ ಕೊಡುವುದುಂಟು.

ಮದುವೆಯ ಮುಂಚಿನ ಈ ಒಂದು ಚಕ್ರದಲ್ಲಿ ನೀವಿಬ್ಬರೂ ಮಗುವಿನ ಪ್ರಯತ್ನವನ್ನು ತಡೆಹಿಡಿದರೆ, ಗರ್ಭ ನಿಂತಿರಬಹುದೇ ಎಂಬ ಅನುಮಾನ ಉಳಿಯುವುದಿಲ್ಲ. ತಡೆಹಿಡಿಯಲು ಮನಸ್ಸಿಲ್ಲವಾದರೆ ಮಾತ್ರೆಯನ್ನೇ ಬಿಡುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಗರ್ಭ ನಿಂತಿದ್ದರೆ ಭ್ರೂಣ ಸ್ರವಿಸುವ ಎಚ್‌ಸಿಜಿ ಎಂಬ ಹಾರ್ಮೋನು ಆ ತಾತ್ಕಾಲಿಕ ಗ್ರಂಥಿಯನ್ನು ಕುಗ್ಗಲು ಬಿಡದೆ ಪ್ರೊಜೆಸ್ಟರಾನನ್ನು ತಾನೇ ಕಾಯ್ದುಕೊಳ್ಳುತ್ತದೆ, ಆಗ ಮುಟ್ಟು ಬರುವುದೇ ಇಲ್ಲ. ಮಾತ್ರೆ ತೆಗೆದುಕೊಂಡು ನಿಲ್ಲಿಸಿದ ಮೇಲೆ ಒಂದು ವಾರವಾದರೂ ಸ್ರಾವ ಕಾಣದಿದ್ದರೆ ಮೂತ್ರ ಪರೀಕ್ಷೆ ಮಾಡಿಸಿ, ಫಲಿತಾಂಶ ಏನೇ ಬಂದರೂ ವೈದ್ಯರನ್ನು ಕಾಣಿರಿ.