ಆರು ವರ್ಷ ಜನ ಓಡಾಡಿದ ರಸ್ತೆಗೆ ಪೇಟೆಂಟ್ ಉಳಿದದ್ದು ಹೇಗೆ?

ಪ್ರಶ್ನೆ (ಕಾನೂನು ವಿದ್ಯಾರ್ಥಿ): ಮೇಡಂ, ಅಮೆರಿಕದ ಎಲಿಜಬೆತ್ ನಗರ ಮತ್ತು ನಿಕಲ್ಸನ್ ಪೇವ್‌ಮೆಂಟ್ ಕಂಪನಿ ನಡುವಿನ ಕೇಸ್ ಓದ್ತಿದ್ದೀನಿ. ಪೇಟೆಂಟ್ ಇದ್ದ ಮರದ ರಸ್ತೆ ಹಾಸನ್ನ ನಗರಸಭೆ ಅನುಮತಿಯಿಲ್ಲದೆ ಹಾಕಿಸಿತು ಅನ್ನೋದು ಕಂಪನಿಯ ದೂರು. ಆ ಹಾಸು ಕಂಡುಹಿಡಿದ ಸ್ಯಾಮ್ಯುಯೆಲ್ ನಿಕಲ್ಸನ್ 1848ರಲ್ಲೇ ಬಾಸ್ಟನ್ನಿನ ರಸ್ತೆಯೊಂದಕ್ಕೆ ಮರದ ಹಾಸು ಹಾಕಿಸಿದ್ದ, ಪೇಟೆಂಟ್ ಬಂದದ್ದು 1854ರಲ್ಲಿ. ಅರ್ಜಿಗೆ ಎರಡು ವರ್ಷಕ್ಕಿಂತ ಮೊದಲೇ ಸಾರ್ವಜನಿಕ ಬಳಕೆಗೆ ಬಂದಿದ್ದರೆ ಪೇಟೆಂಟ್ ನಿಲ್ಲಲ್ಲ ಅಂತಿತ್ತು ಆಗಿನ ಕಾನೂನು. ಎಲ್ಲರೂ ಓಡಾಡಿದ ರಸ್ತೆ ಸಾರ್ವಜನಿಕ ಬಳಕೆ ಅಲ್ಲದೆ ಮತ್ತೇನು? ಇನ್ನೊಂದು, ಪೇಟೆಂಟ್ ಸರಿ ಅಂದಮೇಲೂ ಕೋರ್ಟು ನಗರಸಭೆ ದುಡ್ಡು ಕೊಡಬೇಕಿಲ್ಲ ಅಂದದ್ದು ಯಾಕೆ?

ಉತ್ತರ (ಪೇಟೆಂಟ್ ವಕೀಲೆ): ರಸ್ತೆ ಮೇಲೆ ಯಾರು ನಡೆದರು ಅನ್ನೋದನ್ನ ಬಿಡಿ. ಹಾಸು ಯಾರ ಹಿಡಿತದಲ್ಲಿತ್ತು, ಯಾತಕ್ಕೆ ಹಾಕಿದ್ದು ಅಂತ ನೋಡಿ. ಅದು ಮಿಲ್ ಡ್ಯಾಮ್ ಅವೆನ್ಯೂ, ಖಾಸಗಿ ಸಂಸ್ಥೆಯ ಟೋಲ್ ರಸ್ತೆ. ನಿಕಲ್ಸನ್ ಆ ಸಂಸ್ಥೆಯ ಖಜಾಂಚಿ. ಸ್ವಂತ ಖರ್ಚಲ್ಲಿ, ಟೋಲ್ ಗೇಟ್ ಹತ್ತಿರ ಬರೀ 75 ಅಡಿ ಹಾಸು ಹಾಕಿಸಿದ. ಟೋಲ್ ವಸೂಲಿ ಮಾಡ್ತಿದ್ದವನ ಸಾಕ್ಷ್ಯ ಓದಿ, ನಂಗೆ ಇಡೀ ಕೇಸಲ್ಲಿ ಅದೇ ಇಷ್ಟ: ನಿಕಲ್ಸನ್ ಹೆಚ್ಚುಕಡಿಮೆ ದಿನಾ ಬಂದು, ಹಾಸಿನ ಮೇಲೆ ನಡೆದು, ಕೈಲಿದ್ದ ಕೋಲಿಂದ ಕುಟ್ಟಿ ನೋಡ್ತಿದ್ದನಂತೆ. ಜಾರತ್ತಾ, ಜನ ಏನಂತಾರೆ ಅಂತ ವಿಚಾರಿಸ್ತಿದ್ದನಂತೆ.

ಮರ ಕೊಳೆಯುತ್ತೋ ಇಲ್ಲವೋ, ಭಾರದ ಗಾಡಿ ತಡೆಯುತ್ತೋ ಇಲ್ಲವೋ ಅಂತ ಮನೆ ಹಿತ್ತಲಲ್ಲಿ ಕೂತು ತಿಳಿಯೋಕಾಗಲ್ಲ, ರಸ್ತೆಗೆ ಹಾಕಲೇಬೇಕು ಅಂದರು ತೀರ್ಪು ಬರೆದ ನ್ಯಾಯಮೂರ್ತಿ ಬ್ರ್ಯಾಡ್ಲಿ. ಹಾಗಾಗಿ ಅದು ಪರೀಕ್ಷೆ, ಕಾನೂನು ಹೇಳೋ ಸಾರ್ವಜನಿಕ ಬಳಕೆ ಅಲ್ಲ. ಅದೇ ಹಾಸನ್ನ ಆಗಲೇ ಮಾರಿದ್ದರೆ, ಅಥವಾ ಬೇರೆಯವರು ಬೇಕಾದ ಕಡೆ ಹಾಕಿಕೊಳ್ಳಲಿ ಅಂತ ಬಿಟ್ಟಿದ್ದರೆ ಕಥೆ ಮುಗೀತಿತ್ತು.

ದುಡ್ಡಿನ ವಿಷಯ. ನಿಕಲ್ಸನ್ ಕಡೆಯವರು ಕೇಳಿದ್ದು ಎದುರಾಳಿಗಳು ಮಾಡಿಕೊಂಡ ಲಾಭ. ನಗರಸಭೆ ಗುತ್ತಿಗೆ ಕೊಟ್ಟು ಹಣ ತೆತ್ತಿತ್ತೇ ಹೊರತು ಅದಕ್ಕೆ ಲಾಭ ಏನೂ ಗಿಟ್ಟಿರಲಿಲ್ಲ. ಲಾಭ ಹೊಡೆದದ್ದು ಹಾಸು ಹಾಕಿದ ನ್ಯೂಜೆರ್ಸಿ ವುಡ್ ಪೇವಿಂಗ್ ಕಂಪನಿ, ಕಕ್ಕಬೇಕಾದದ್ದೂ ಅದೇ. ನಷ್ಟ ಪರಿಹಾರ ಕೇಳಿದ್ದರೆ ಲೆಕ್ಕ ಬೇರೆ ಇರ್ತಿತ್ತು. ಪರೀಕ್ಷೆಯಲ್ಲಿ ಇವೆರಡನ್ನ ಕಲಸಿಬಿಡಬೇಡಿ.

ಮರುಪ್ರಶ್ನೆ: ಹಾಗಾದ್ರೆ ನಮ್ಮಲ್ಲೂ ಯಾರಾದರೂ ಹೊಸ ಥರದ ಟೈಲ್ಸ್ ರಸ್ತೆಗೆ ಹಾಕಿ ವರ್ಷಗಟ್ಟಲೆ ಪರೀಕ್ಷೆ ಮಾಡಬಹುದಾ ಮೇಡಂ?

ಉತ್ತರ: ವರ್ಷಗಟ್ಟಲೆ ಆಗಲ್ಲ. ನಮ್ಮ 1970ರ ಪೇಟೆಂಟ್ ಕಾಯ್ದೆಯ 32ನೇ ಸೆಕ್ಷನ್ ನೋಡಿ. ಆದ್ಯತಾ ದಿನಾಂಕಕ್ಕೆ (ಸಾಮಾನ್ಯವಾಗಿ ಮೊದಲ ಅರ್ಜಿ ಹಾಕಿದ ದಿನ) ಹಿಂದಿನ ಒಂದು ವರ್ಷದೊಳಗೆ, ಬರೀ ಪರೀಕ್ಷೆಗೋಸ್ಕರ, ಅದೂ ಜನರೆದುರೇ ಮಾಡಬೇಕಾದ ಸ್ವರೂಪದ್ದಾಗಿದ್ದರೆ ಮಾತ್ರ ರಕ್ಷಣೆ. ನಿಕಲ್ಸನ್‌ನ ಆರು ವರ್ಷ ಇಲ್ಲಿ ನಡೆಯಲ್ಲ. ನನ್ನ ಹತ್ತಿರ ಬರೋರಿಗೆ ಮೊದಲು ಪ್ರಾವಿಷನಲ್ ಅರ್ಜಿ, ಅಂದ್ರೆ ಪೂರ್ಣ ವಿವರಕ್ಕೆ ಮುಂಚಿನ ತಾತ್ಕಾಲಿಕ ಅರ್ಜಿ ಹಾಕಿ, ಆಮೇಲೆ ರಸ್ತೆ ಅಗೆಯಿರಿ ಅಂತೀನಿ.